ಆರು ಗ್ರಾಂ ಗೇರ್‌ಗೆ ಏಳು ಕಿಲೋ ದಂಡ

ಉತ್ಪಾದನೆ ಮತ್ತು ಹೊದಿಕೆ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿ ಹೊರಡಿಸಿದ ಸುತ್ತೋಲೆಯೊಂದರ ದೆಸೆಯಿಂದ ನನ್ನ ಅಕ್ಕನ ಹೊಲಿಗೆ ಯಂತ್ರ ನಲವತ್ತು ದಿನಗಳಿಂದ ನಿಂತಿದೆ. ಅದಕ್ಕೆ ಬೇಕಾಗಿರುವುದು ಆರು ಗ್ರಾಂ ತೂಕದ ಒಂದು ನೈಲಾನ್ ಗೇರ್. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಸುತ್ತಲೂ ಹಲ್ಲು, ನಡುವೆ ಒಂದು ತೂತು. ಅದು ಲೋಕದಲ್ಲೆಲ್ಲೂ ಸಿಗದ ವಸ್ತುವೇನಲ್ಲ. ಕಾರ್ಖಾನೆಯಲ್ಲಿ ನಾನು ದಿನವೂ ಕೂರುವ ಕುರ್ಚಿಯ ಬಲಕ್ಕೆ ಒಂದು ಕಪಾಟಿದೆ. ಅದರ ಮೂರನೆಯ ಡ್ರಾಯರಿನಲ್ಲಿ, ಕಳೆದ ತಿಂಗಳು ಎಣಿಸಿದಾಗ, ಅಂಥ ನಾನೂರ ಹನ್ನೆರಡು ಗೇರ್‌ಗಳಿದ್ದವು. ಅವುಗಳಲ್ಲಿ ಒಂದನ್ನೂ ಮಾರುವಂತಿಲ್ಲ, ಒಂದನ್ನೂ ದಾನ ಮಾಡುವಂತಿಲ್ಲ. ಈ ತಿಂಗಳ ಇಪ್ಪತ್ತೆಂಟರಂದು ಎಲ್ಲವನ್ನೂ ಪುಡಿ ಮಾಡಬೇಕೆಂದು ನಿಮ್ಮ ಆದೇಶ. ಉದ್ದೇಶ, ನಿಮ್ಮದೇ ಮಾತಿನಲ್ಲಿ, ‘ಪ್ಲಾಸ್ಟಿಕ್ ಹೊದಿಕೆಯ ಕಡಿತ ಮತ್ತು ಉತ್ಪನ್ನಗಳ ಆಯುರ್ವೃದ್ಧಿ’. ಆಯುಷ್ಯ ಹೆಚ್ಚಿಸಲು ಕೊಲ್ಲಬೇಕು ಎಂಬುದನ್ನು ನಾನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿತೆ.

ತಪ್ಪು ತಿಳಿಯಬೇಡಿ. ನನಗೆ ಪ್ಲಾಸ್ಟಿಕ್ಕಿನ ಮೇಲೆ ಮಮತೆಯೂ ಇಲ್ಲ, ನಿಮ್ಮ ಉದ್ದೇಶದ ಮೇಲೆ ಮುನಿಸೂ ಇಲ್ಲ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಾಗ ಕೋಲು ಹಾಕಿ ಕವರುಗಳನ್ನು ಎಳೆದವರಲ್ಲಿ ನಾನೂ ಒಬ್ಬಳು. ಸುತ್ತೋಲೆ ಬಂದ ದಿನ, ಅಂದರೆ ಎಂಟು ತಿಂಗಳ ಹಿಂದೆ, ಇಡೀ ಕಾರ್ಖಾನೆಯಲ್ಲಿ ಸಂತೋಷಪಟ್ಟವಳು ಬಹುಶಃ ನಾನೊಬ್ಬಳೇ. ಅದನ್ನು ಮೂರು ಸಲ ಓದಿದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದವಳು ನಾನು, ಸುತ್ತೋಲೆಯೂ ಕನ್ನಡದಲ್ಲೇ ಇತ್ತು. ಆದರೂ ಮೂರು ಸಲಕ್ಕೆ ಅರ್ಥವಾಗಲಿಲ್ಲ. ನಾಲ್ಕನೆಯ ಸಲ ಅರ್ಥವಾಯಿತು. ಆಗದಿದ್ದರೇ ಚೆನ್ನಾಗಿತ್ತು.

ನಾನು ಹೊಲಿಗೆ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಕೌಂಟರಿನ ಗುಮಾಸ್ತೆ. ಹತ್ತೊಂಬತ್ತು ವರ್ಷದ ಅನುಭವ. ಯಂತ್ರದಲ್ಲಿ ಏನಾದರೂ ಮುರಿದರೆ, ಸವೆದರೆ, ಕಳೆದರೆ ಜನ ನನ್ನ ಕಿಟಕಿಗೆ ಬರುತ್ತಾರೆ, ಇಲ್ಲವೇ ಅಂಚೆಯಲ್ಲಿ ಬರೆಯುತ್ತಾರೆ. ಬರುವಾಗ ಮುಖ ಬಾಡಿರುತ್ತದೆ, ಹೋಗುವಾಗ ಅರಳಿರುತ್ತದೆ. ಅಷ್ಟು ಖುಷಿ ಕೊಡುವ ಕಿಟಕಿ ಸರ್ಕಾರದಲ್ಲಿ ಒಂದೂ ಇಲ್ಲವೆಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಆ ಹೆಮ್ಮೆಗೇ ದೃಷ್ಟಿ ತಾಗಿತೋ ಏನೋ.

ನಿಮ್ಮ ನಿಯಮ ಸರಳವಾಗಿದೆ. ಮಾರುವ ವಸ್ತು ಯಾವುದೇ ಆಗಲಿ, ಅದರ ಹೊದಿಕೆಯ ತೂಕ ವಸ್ತುವಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದು. ಕೇಳಲು ಎಷ್ಟು ಚೆನ್ನ! ಈಗ ನನ್ನ ಜೊತೆ ಒಂದು ನಿಮಿಷ ಲೆಕ್ಕ ಹಾಕಿ. ನಮ್ಮ ಗೇರ್ ಆರು ಗ್ರಾಂ. ಅದನ್ನು ಹಾಕಿ ಕೊಡುವ ಸಣ್ಣ ಕವರು ಎರಡು ಗ್ರಾಂ. ನೂರಕ್ಕೆ ಮೂವತ್ತಮೂರು! ಘೋರ ಅಪರಾಧ. ಅದೇ ಕಾರ್ಖಾನೆಯ ಹೊಸ ಯಂತ್ರ ಏಳು ಕಿಲೋ. ಅದರ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ಕು ನಾನೂರ ಎಂಬತ್ತು ಗ್ರಾಂ. ನೂರಕ್ಕೆ ಏಳೂ ಆಗುವುದಿಲ್ಲ. ಅದಕ್ಕೆ ನೀವು ಹಸಿರೆಲೆಯ ಮುದ್ರೆ ಕೊಟ್ಟಿದ್ದೀರಿ. ಎರಡು ಗ್ರಾಂ ಬಳಸಿದವಳು ಪಾತಕಿ, ನಾನೂರ ಎಂಬತ್ತು ಗ್ರಾಂ ಬಳಸಿದವನು ಪರಿಸರ ಪ್ರೇಮಿ. ಆರು ಗ್ರಾಮಿನ ಗೇರ್ ಬೇಕಾದವರು ಕಾನೂನುಬದ್ಧವಾಗಿ ಪಡೆಯುವ ದಾರಿ ಒಂದೇ: ಅದರ ಸುತ್ತ ಒಂದು ಏಳು ಕಿಲೋ ಯಂತ್ರವನ್ನೂ ಕೊಳ್ಳುವುದು.

ಪ್ಲಾಸ್ಟಿಕ್ ಬೇಡವೆಂದರೆ ಹೊದಿಕೆಯಿಲ್ಲದೆ ಹಾಗೇ ಕೊಡಬಾರದೇ ಎಂದು ನೀವು ಕೇಳಬಹುದು. ಕೊಡಲು ಹೋದೆವು. ‘ಬಿಡಿ ಮಾರಾಟ ನಿಷಿದ್ಧ, ತಯಾರಿಕೆಯ ದಿನ, ಮಾದರಿಯ ಸಂಖ್ಯೆ, ಬೆಲೆ ಇವುಗಳನ್ನು ಹೊದಿಕೆಯ ಮೇಲೆ ಮುದ್ರಿಸತಕ್ಕದ್ದು’ ಎಂದು ನಿಮ್ಮ ಸುತ್ತೋಲೆಯ ಒಂಬತ್ತನೆಯ ಕಲಮು ಅಡ್ಡ ಬಂತು. ಹೊದಿಕೆಯೇ ಇಲ್ಲದಿದ್ದರೆ ಮುದ್ರಿಸುವುದು ಎಲ್ಲಿ, ನಮ್ಮ ಹಣೆಯ ಮೇಲೆಯೇ? ಸರಿ, ಕಾಗದದ ಪೊಟ್ಟಣ ಮಾಡಿದೆವು. ಅಷ್ಟು ಸಾಲು ಮುದ್ರಿಸುವ ಗಟ್ಟಿ ಕಾಗದ ಮೂರು ಗ್ರಾಂ ತೂಗಿತು. ನಿಮ್ಮ ನಿಯಮಕ್ಕೆ ಕಾಗದ, ಪ್ಲಾಸ್ಟಿಕ್ಕು ಎಂಬ ಭೇದವಿಲ್ಲ, ತೂಕವೊಂದೇ ಗೊತ್ತು. ಪ್ಲಾಸ್ಟಿಕ್ ಬಿಟ್ಟದ್ದಕ್ಕೆ ನಮ್ಮ ಅಪರಾಧ ಮೂವತ್ತಮೂರರಿಂದ ಐವತ್ತಕ್ಕೆ ಏರಿತು.

ಇನ್ನು ನಮ್ಮ ತಪ್ಪಿನ ಕಥೆ. ಇದನ್ನು ಮುಚ್ಚಿಟ್ಟು ಬರೆದರೆ ಈ ಪತ್ರಕ್ಕೆ ಮರ್ಯಾದೆ ಇರುವುದಿಲ್ಲ.

ನಮ್ಮ ಉಗ್ರಾಣದಲ್ಲಿ ಒಬ್ಬರು ಹಿರಿಯರಿದ್ದಾರೆ. ಏನು ಕೊಟ್ಟರೂ ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ ತೂಕ ಹೇಳುತ್ತಾರೆ, ತಪ್ಪುವುದಿಲ್ಲ. ಎಲ್ಲರೂ ಅವರನ್ನು ತೂಕದಣ್ಣ ಎನ್ನುತ್ತೇವೆ. ಒಂದು ವಾರ ಕಿಟಕಿಗೆ ಬಂದವರನ್ನೆಲ್ಲ ಬರಿಗೈಯಲ್ಲಿ ಕಳಿಸಿ ನಾನು ತಲೆ ಹಿಡಿದು ಕೂತಿದ್ದಾಗ ಅವರು ಹತ್ತಿರ ಬಂದು ನಿಂತರು.

“ಮೇಡಂ, ಕವರಿನ ತೂಕ ಕಮ್ಮಿ ಮಾಡೋಕಾಗಲ್ಲ ಅಲ್ವಾ? ಮಾಲಿನ ತೂಕ ಜಾಸ್ತಿ ಮಾಡಿದ್ರೆ?”

“ಗೇರ್ ತೂಕ ಹೇಗೆ ಜಾಸ್ತಿ ಮಾಡ್ತೀರ ಅಣ್ಣಾ? ಊಟ ಹಾಕಿ ದಪ್ಪ ಮಾಡ್ತೀರಾ?”

“ಜೊತೆಗೆ ಏನಾದ್ರೂ ಹಾಕೋಣ ಅಂತ. ತೂಕದ್ದು.”

ತಿರುಪು ಸರಿಯಾಗಿ ಮೂಡದೆ ಪಕ್ಕಕ್ಕೆಸೆದ ಬೋಲ್ಟ್‌ಗಳ ಡಬ್ಬಕ್ಕೆ ಕೈ ಹಾಕಿ ಒಂದನ್ನೆತ್ತಿದರು. ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ “ಹದಿನೆಂಟು” ಎಂದರು. ಆರಕ್ಕೆ ಹದಿನೆಂಟು ಸೇರಿದರೆ ಇಪ್ಪತ್ತನಾಲ್ಕು. ಅದಕ್ಕೆ ಎರಡು ಗ್ರಾಮಿನ ಕವರು. ನೂರಕ್ಕೆ ಎಂಟು ಚಿಲ್ಲರೆ. ನನಗೆ ನಗು ಬಂತು. ಆಮೇಲೆ ನಗು ಹೋಯಿತು, ಬೋಲ್ಟ್ ಉಳಿಯಿತು. ಅಂದಿನಿಂದ ಪ್ರತಿ ಗೇರ್ ಜೊತೆಗೂ ಒಂದು ಕೆಲಸಕ್ಕೆ ಬಾರದ ಬೋಲ್ಟ್ ಹಾಕಿ ಮಾರತೊಡಗಿದೆವು. ಹತ್ತೊಂಬತ್ತು ವರ್ಷ ಪ್ರಾಮಾಣಿಕವಾಗಿ ದುಡಿದವಳು ಈ ಮೋಸಕ್ಕೆ ತಲೆಯಾಡಿಸಿದೆ. ಜೊತೆಗೊಂದು ಚೀಟಿಯನ್ನೂ ಬರೆದು ಅಚ್ಚು ಹಾಕಿಸಿದೆ, ಪ್ರಾಸದ ಚಪಲ ನನಗೆ ಮೊದಲಿನಿಂದಲೂ ಇದೆ: ‘ಬೋಲ್ಟ್ ಇರುವುದು ತೂಕಕ್ಕೆ, ಹಾಕಬೇಡಿ ಯಂತ್ರಕ್ಕೆ.’

ನಿಮ್ಮ ತಪಾಸಣಾಧಿಕಾರಿಗಳು ಬಂದರು. ಕವರನ್ನು ತಮ್ಮ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟರು.

“ಈ ಚೀಟಿ ಏನಮ್ಮಾ?”

“ಬೋಲ್ಟ್ ಹಾಕಬೇಡಿ ಅನ್ನೋ ಸೂಚನೆ ಸಾರ್.”

“ಅರ್ಧ ಗ್ರಾಂ ಇದೆ. ಚೀಟಿನೂ ಹೊದಿಕೆಗೇ ಸೇರುತ್ತೆ. ಹತ್ತು ದಾಟಿತು ನೋಡಿ. ತೆಗೀರಿ.”

“ತೆಗೆದ್ರೆ ಜನಕ್ಕೆ ಬೋಲ್ಟ್ ಯಾಕೆ ಅಂತ ಗೊತ್ತಾಗಲ್ಲವಲ್ಲ ಸಾರ್?”

“ಬೋಲ್ಟ್ ಬಗ್ಗೆ ನಮ್ಮ ಆಕ್ಷೇಪಣೆ ಇಲ್ಲ. ಬೋಲ್ಟು ಮಾಲು.”

ಸುಳ್ಳು ಹದಿನೆಂಟು ಗ್ರಾಂ ಇರಬಹುದು, ಸತ್ಯ ಅರ್ಧ ಗ್ರಾಮೂ ಇರಬಾರದು. ಇದು ನಿಮ್ಮ ತಕ್ಕಡಿಯ ತೀರ್ಪು. ಚೀಟಿ ತೆಗೆದೆವು. ಅವರು ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದು ಹೋದರು. ಆ ಪುಟ ಇನ್ನೂ ನನ್ನ ಬಳಿ ಇದೆ.

ಕಿಟಕಿಗೆ ಬಂದವರಿಗೆ ಬಾಯಲ್ಲಿ ಹೇಳುತ್ತಿದ್ದೆವು. ಅಂಚೆಯಲ್ಲಿ ತರಿಸಿಕೊಂಡವರಿಗೆ ಯಾರು ಹೇಳಬೇಕು? ಐದು ತಿಂಗಳು ಹೀಗೆ ನಡೆಯಿತು. ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯ ಯಂತ್ರವನ್ನು ಹೊತ್ತುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಕಿಟಕಿಗೆ ಬಂದರು. ಗೇರ್ ಅನ್ನು ತಾವೇ ಬದಲಾಯಿಸಿದ್ದರು, ಅಚ್ಚುಕಟ್ಟಾಗಿ. ಆದರೆ ಕೈಯಲ್ಲಿ ಬೋಲ್ಟ್ ಉಳಿದಿತ್ತಲ್ಲ?

“ಎರಡು ದಿನ ಹುಡುಕಿದೀನಿ ತಾಯಿ, ಇದರ ಜಾಗ ಎಲ್ಲಿ ಅಂತ. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಒಂದು ಬೋಲ್ಟ್ ಉಳೀತು ಅಂದ್ರೆ ಪರೀಕ್ಷೇಲಿ ಒಂದು ಪ್ರಶ್ನೆ ಬಿಟ್ಟ ಹಾಗೆ. ಹೇಗೆ ಎದ್ದು ಬರಲಿ?”

“ನಾನು ಬಡ್ಕೊಂಡೆ, ಉಳಿದ್ರೆ ಉಳೀಲಿ ಬಿಡೀಂತ. ಯಾರ ಮಾತು ಕೇಳಿದಾರೆ ಇವರು, ನನ್ನ ಮಾತು ಕೇಳೋಕೆ?” ಎಂದರು ಅವರ ಹೆಂಡತಿ.

ಮೇಷ್ಟ್ರಿಗೆ ಕೊನೆಗೆ ಒಂದು ತೂತು ಸಿಕ್ಕಿತ್ತು. ಅದು ಎಣ್ಣೆ ಬಿಡುವ ತೂತು. ಅದರೊಳಗೆ ಬೋಲ್ಟ್ ಇಟ್ಟು, ಹಲ್ಲು ಕಚ್ಚಿ ತಿರುಗಿಸಿದ್ದರು. ಒಳಗೆ ತಿರುಗುವ ಕಬ್ಬಿಣದ ದಂಡಕ್ಕೆ ಅದು ಬಡಿದು ಯಂತ್ರ ಬಿಗಿದುಕೊಂಡಿತ್ತು. ‘ಇದು ಯಾವ ಭಾಗವೂ ಅಲ್ಲ ಸಾರ್, ಬರೀ ತೂಕಕ್ಕೆ ಹಾಕಿದ್ದು’ ಎಂದು ನಾನು ಹೇಳಬೇಕಾಯಿತು. ಅವರು ನನ್ನನ್ನು ನೋಡಿದ ರೀತಿ ನನಗಿನ್ನೂ ಮರೆತಿಲ್ಲ. ನಕಲು ಹೊಡೆದು ಸಿಕ್ಕಿಬಿದ್ದವಳನ್ನು ನೋಡುವಂತೆ ನೋಡಿದರು. ಅವರ ಯಂತ್ರವನ್ನು ತೂಕದಣ್ಣ ಕೂತು ಸರಿಪಡಿಸಿ ಕೊಟ್ಟರು. ಆದರೂ ಮೇಷ್ಟ್ರು ನಿಮಗೆ ದೂರು ಬರೆದರು. ಬರೆದದ್ದು ನ್ಯಾಯ. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ.

ಆ ದೂರನ್ನು ಓದಿ ನೀವು ಏನು ಕೇಳಬಹುದಿತ್ತು? ‘ಒಂದು ಗೇರ್ ಮಾರಲು ಈ ಜನ ಬೋಲ್ಟ್ ಯಾಕೆ ಕಟ್ಟಿಕೊಡುತ್ತಿದ್ದಾರೆ, ನಮ್ಮ ನಿಯಮದಲ್ಲೇ ಏನಾದರೂ ಎಡವಟ್ಟಿದೆಯೇ?’ ಎಂದು ಕೇಳಬಹುದಿತ್ತು. ನೀವು ಕೇಳಲಿಲ್ಲ. ‘ಅನುಪಾತ ಸಾಧಿಸಲಾಗದ ಸಕಲ ಬಿಡಿಭಾಗಗಳ ಮಾರಾಟವನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು, ದಾಸ್ತಾನನ್ನು ನಾಶಪಡಿಸತಕ್ಕದ್ದು’ ಎಂದು ಬರೆದಿರಿ. ಗಾಯ ಕಂಡರೆ ಮುಲಾಮು ಹಚ್ಚುವವರನ್ನು ನೋಡಿದ್ದೆ. ಗಾಯ ತೋರಿಸಿದ ಬೆರಳನ್ನೇ ಕತ್ತರಿಸುವವರನ್ನು ನೋಡಿರಲಿಲ್ಲ.

ನಮ್ಮ ಮ್ಯಾನೇಜರು ಆದೇಶವನ್ನು ಎರಡೂ ಕೈಯಲ್ಲಿ ಹಿಡಿದು ತಂದರು. “ನಾವೇನು ಮಾಡೋಕಾಗುತ್ತೆ ಮೇಡಂ, ಕಾನೂನು!” ಎಂದರು. ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು. ಅವರಿಗೆ ನನ್ನ ಕಿಟಕಿ ಎಂದೂ ಇಷ್ಟವಿರಲಿಲ್ಲ. ಹಳೆಯದು ಓಡುತ್ತಿದ್ದರೆ ಹೊಸದು ಓಡುವುದಿಲ್ಲವೆಂಬ ಗುಟ್ಟು ಅವರಿಗೆ ಗೊತ್ತು. ಅವರು ಇಷ್ಟು ವರ್ಷ ಮುಚ್ಚಲು ಹೆಣಗಿದ ಕಿಟಕಿಯನ್ನು ನೀವು ಒಂದು ಸಹಿಯಲ್ಲಿ ಮುಚ್ಚಿದಿರಿ. ಹೊಸ ಮಾದರಿಯ ಯಂತ್ರಕ್ಕೆ ತಿರುಪುಗಳೇ ಇಲ್ಲ. ಮೈಯನ್ನು ಅಂಟಿನಿಂದ ಮುಚ್ಚಿದ್ದಾರೆ. ಬಿಚ್ಚಿದರೆ ಒಡೆಯುತ್ತದೆ.

“ಎರಡು ವರ್ಷ ಗ್ಯಾರಂಟಿ ಇದೆಯಲ್ಲ” ಎಂದರು.

“ಆಮೇಲೆ ಸಾರ್?”

“ಆಮೇಲೆ ಇನ್ನೊಂದು!”

ಆ ಹೊಸ ಪೆಟ್ಟಿಗೆಯೊಂದನ್ನು ನಾನೂ ತೂಕದಣ್ಣನೂ ಮೇಜಿನ ಮೇಲೆ ಬಿಚ್ಚಿದೆವು. ಎರಡು ಥರ್ಮಕೋಲಿನ ಗೋಡೆ. ಯಂತ್ರಕ್ಕೆ ಅಂಗಿಯಂತೆ ಒಂದು ದೊಡ್ಡ ಕವರು. ವೈರಿಗೊಂದು, ಪೆಡಲಿಗೊಂದು, ಮಾಹಿತಿ ಪುಸ್ತಕಕ್ಕೊಂದು. ಐದು ಸೂಜಿಗೆ ಐದು ಪುಟ್ಟ ಕವರು, ಐದಕ್ಕೂ ಸೇರಿ ಇನ್ನೊಂದು ಕವರು. ಎಲ್ಲದರ ಮೇಲೆ ನಿಮ್ಮ ಹಸಿರೆಲೆಯ ಮುದ್ರೆ. ಅದು ಗೀಚಿಹೋಗದಿರಲೆಂದು ಅದರ ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ಪದರ. ತೂಕದಣ್ಣ ಎಲ್ಲವನ್ನೂ ಎರಡೂ ಕೈಯಲ್ಲಿ ಬಾಚಿ ಎತ್ತಿ, “ನಾನೂರ ಎಂಬತ್ತು. ನಮ್ಮ ಸಣ್ಣ ಕವರು ಇದರಲ್ಲಿ ಇನ್ನೂರ ನಲವತ್ತು ಆಗುತ್ತೆ ಮೇಡಂ” ಎಂದರು. ಒಂದು ಹೊಸ ಯಂತ್ರದ ಪೆಟ್ಟಿಗೆಯ ಪ್ಲಾಸ್ಟಿಕ್ಕಿನಲ್ಲಿ ಇನ್ನೂರ ನಲವತ್ತು ಹಳೆಯ ಯಂತ್ರಗಳಿಗೆ ಜೀವ ಕೊಡಬಹುದು. ಈ ಲೆಕ್ಕಕ್ಕೆ ನಿಮ್ಮ ಕಚೇರಿಯಲ್ಲಿ ಯಾವ ಕಾಲಮು ಇದೆ?

ಆ ಗೇರ್ ಕಬ್ಬಿಣದ್ದಲ್ಲ, ನೈಲಾನಿನದು. ಬೇಕೆಂದೇ ಹಾಗೆ ಮಾಡಿದ್ದು. ಸೂಜಿಗೆ ಏನಾದರೂ ಅಡ್ಡ ಸಿಕ್ಕಾಗ ಮೊದಲು ಮುರಿಯಬೇಕಾದ್ದು ಅದೇ, ಉಳಿದ ಕಬ್ಬಿಣವೆಲ್ಲ ಉಳಿಯಲಿ ಎಂದು. ಅದನ್ನು ಯೋಚಿಸಿದ ಇಂಜಿನಿಯರು ನಾನು ಕೆಲಸಕ್ಕೆ ಸೇರಿದ ವರ್ಷವೇ ನಿವೃತ್ತರಾದರು. ಹೊರಡುವಾಗ ನನಗೆ ಒಂದೇ ಮಾತು ಹೇಳಿದ್ದರು: “ಈ ಡ್ರಾಯರ್ ಯಾವತ್ತೂ ಖಾಲಿಯಾಗೋಕೆ ಬಿಡಬೇಡಮ್ಮ. ಇದು ಖಾಲಿಯಾದ್ರೆ ನಾನು ಮಾಡಿದ ಮಿಷನ್ ಎಲ್ಲ ಗುಜರಿ.” ಖಾಲಿಯಾಗಲು ನಾನು ಬಿಡಲಿಲ್ಲ. ತುಂಬಿದ ಡ್ರಾಯರೇ ಗುಜರಿಯಾದೀತೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ.

ಈಗ ನನ್ನ ಅಕ್ಕ. ಅವಳಿಗೆ ಐವತ್ತೊಂದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿ ಅವಳು ಚೀಲ ರಿಪೇರಿ ಮಾಡುತ್ತಾಳೆ. ಒಳಗೆ ಹೋಗುವಾಗ ಎಲ್ಲರೂ ಒಮ್ಮೆ ತಲೆ ಬಡಿಸಿಕೊಳ್ಳುತ್ತಾರೆ. ಎರಡನೆಯ ಸಲದಿಂದ ತಾವಾಗಿ ಬಗ್ಗುತ್ತಾರೆ. ಶಾಲೆಯ ಮಕ್ಕಳ ಬ್ಯಾಗು, ಪ್ರಯಾಣದ ಚೀಲ, ಔಷಧ ಕಂಪನಿಯವರು ಹೊತ್ತು ತಿರುಗುವ ಕಪ್ಪು ಬ್ಯಾಗು. ಕಿತ್ತ ಪಟ್ಟಿ, ಬಾಯಿ ಬಿಟ್ಟ ಜಿಪ್ಪು, ಸವೆದ ತಳ. ಕೈಗೆ ಸಿಕ್ಕಿದ ಚೀಲಕ್ಕೆಲ್ಲ ಇನ್ನೆರಡು ವರ್ಷ ಆಯುಷ್ಯ ಸೇರಿಸಿ ಕಳಿಸುವುದು ಅವಳ ಕಸುಬು. ನಿಮ್ಮ ಸುತ್ತೋಲೆಯ ‘ಆಯುರ್ವೃದ್ಧಿ’ಯನ್ನು ಅವಳು ಓದಿಲ್ಲ, ಮಾಡುತ್ತಾಳೆ. ಯಂತ್ರ ನಮ್ಮ ಕಾರ್ಖಾನೆಯದೇ, ಹದಿನಾಲ್ಕು ವರ್ಷವಾಯಿತು. ಮೂರು ಸಲ ಗೇರ್ ಬದಲಾಗಿದೆ. ಬೇರೇನೂ ಬದಲಾಗಿಲ್ಲ.

ನಲವತ್ತು ದಿನಗಳ ಹಿಂದೆ ಕೆಲಸದ ನಡುವೆ ಫೋನು ಮಾಡಿದಳು.

“ಲೇ, ಹಲ್ಲು ಹೋಯ್ತು ಕಣೇ.”

“ನಿಂದಾ, ಮಿಷನ್ದಾ?”

“ನಂದು ಗಟ್ಟಿ ಇದೆ, ನಿನ್ನ ಕಚ್ಚೋ ಅಷ್ಟು. ಸಂಜೆ ಬರ್ತಾ ಒಂದು ಗೇರ್ ತಗೊಂಡ್ ಬಾ.”

“ತರೋಕಾಗಲ್ಲ ಅಕ್ಕಾ.”

“ಯಾಕೆ, ಖಾಲೀನಾ?”

“ಇಲ್ಲ. ತುಂಬ ಇದೆ.”

“ಮತ್ತೇನೇ ರೋಗ?”

ಹೇಳಿದೆ. ನೂರಕ್ಕೆ ಹತ್ತು, ಒಂಬತ್ತನೆಯ ಕಲಮು, ಬೋಲ್ಟ್, ಮೇಷ್ಟ್ರು, ಎಲ್ಲವನ್ನೂ. ಅವಳು ಕೇಳಿಸಿಕೊಂಡು, “ಇರ್ಲಿ ಬಿಡು. ನೀನು ಓದಿದವಳು, ನೀನು ಹೇಳಿದ್ಮೇಲೆ ಏನೋ ಇರ್ಬೇಕು” ಎಂದಳು. ಮಾನ್ಯರೇ, ಇಪ್ಪತ್ತೈದು ವರ್ಷಗಳ ಹಿಂದೆ ಸಿಕ್ಕಿದ ನನ್ನ ಪದವಿಗೆ ಅಂದಿನಷ್ಟು ಅವಮಾನ ಎಂದೂ ಆಗಿರಲಿಲ್ಲ.

ಒಂದು ಗೇರ್ ಮೊದಲೇ ಮನೆಯಲ್ಲಿ ತಂದಿಡಬಾರದಿತ್ತೇ ಎಂದು ಎಲ್ಲರೂ ಕೇಳಿದರು. ಪಕ್ಕದ ಡ್ರಾಯರಿನಲ್ಲೇ ಇರುವಾಗ ಮನೆಯಲ್ಲೇಕೆ ಎಂದು ಹದಿನಾಲ್ಕು ವರ್ಷ ಅಂದುಕೊಂಡವಳು ನಾನು. ನೌಕರರ ರಿಯಾಯಿತಿಯಲ್ಲಿ ಹೊಸ ಮಾದರಿಯನ್ನೂ ತಂದುಕೊಟ್ಟು ನೋಡಿದೆ. ಬಟ್ಟೆ ಹೊಲಿಯುವುದರಲ್ಲಿ ಅದು ಜಾಣ. ನಾಲ್ಕು ಪದರದ ಕ್ಯಾನ್ವಾಸಿನ ಪಟ್ಟಿ ಇಟ್ಟರೆ ‘ಉಸ್ಸ್’ ಎಂದು ಕೆಂಪು ದೀಪ ಹಾಕಿಕೊಂಡು ಕೂರುತ್ತದೆ. “ಇದಕ್ಕೆ ನನಗಿಂತ ಬೇಗ ಸುಸ್ತಾಗುತ್ತೆ ಕಣೇ, ವಾಪಸ್ ಕೊಡು” ಎಂದಳು ಅಕ್ಕ. ಕೊಟ್ಟೆ.

ಈಗ ಅವಳು ದಬ್ಬಳ ಹಿಡಿದು ಕೈಯಲ್ಲಿ ಹೊಲಿಯುತ್ತಾಳೆ. ದಿನಕ್ಕೆ ಹದಿನೈದು ಚೀಲ ಆಗುತ್ತಿದ್ದ ಕಡೆ ಮೂರು. ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿರುತ್ತಾಳೆ. ಮೊನ್ನೆ ನಾನು ಅಲ್ಲಿದ್ದಾಗಲೇ ಒಬ್ಬ ತಾಯಿ ಮಗಳ ಬ್ಯಾಗು ತಂದರು.

“ಎಷ್ಟು ದಿನ ಆಗುತ್ತೆ ಅಕ್ಕಾ?”

“ಹತ್ತು ದಿನ.”

“ಹತ್ತು ದಿನ ಪುಸ್ತಕ ತಲೆ ಮೇಲೆ ಹೊತ್ಕೊಂಡು ಹೋಗ್ತಾಳಾ? ಹೊಸದೇ ತಗೋತೀವಿ ಬಿಡಿ.”

ಆ ಹಳೆಯ ಬ್ಯಾಗು ಅಲ್ಲೇ ಉಳಿಯಿತು. ಎದುರಿನ ಅಂಗಡಿಯಿಂದ ಅವರು ಹೊಸದನ್ನು ಕೊಂಡು ಹೋಗುವುದು ನಮ್ಮ ಬಾಗಿಲಿಗೇ ಕಾಣುತ್ತಿತ್ತು. ಅದು ಒಂದು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿತ್ತು, ಒಳಗೆ ಗಾಳಿ ತುಂಬಿದ ದಿಂಬುಗಳೂ ಇದ್ದವು. ಬ್ಯಾಗಿನ ತೂಕಕ್ಕೆ ಹೋಲಿಸಿದರೆ ನೂರಕ್ಕೆ ಹತ್ತರೊಳಗೇ ಇದ್ದಿರಬೇಕು. ನಿಮ್ಮ ಗೌರವಕ್ಕೆ ಕುಂದಿಲ್ಲ.

ತಿಂಗಳ ಕೊನೆಗೆ ಕೋಣೆ ಬಿಟ್ಟುಬಿಡುತ್ತೇನೆಂದು ಅಕ್ಕ ಕಟ್ಟಡದವರಿಗೆ ಹೇಳಿದ್ದಾಳೆ. ಹೇಳಿ ಬಂದು ನನ್ನ ಜೊತೆ ಬೇರೆ ಏನೇನೋ ಮಾತಾಡಿದಳು. ಕೋಣೆಯ ವಿಷಯ ನನಗೆ ಕಟ್ಟಡದ ಕಾವಲುಗಾರನಿಂದ ಗೊತ್ತಾಯಿತು.

ಆಮೇಲೆ ನಾನು ನಿಮ್ಮ ಕಚೇರಿಗೆ ಬಂದೆ. ಬೆಳಗ್ಗೆ ಹನ್ನೊಂದಕ್ಕೆ, ನಾಲ್ಕನೆಯ ಕಿಟಕಿಗೆ. ವಿನಾಯಿತಿ ಕೋರುವ ಅರ್ಜಿಯಲ್ಲಿ ಹನ್ನೊಂದನೆಯ ಕಾಲಮು ಖಾಲಿ ಬಿಟ್ಟಿದ್ದೆನೆಂದು ನಿಮ್ಮ ಗುಮಾಸ್ತರು ಹಿಂದಕ್ಕೆ ತಳ್ಳಿದರು.

“ಬಳಕೆಯ ಕೊನೇ ದಿನಾಂಕ ಬರೀರಿ ಮೇಡಂ.”

“ಗೇರ್‌ಗೆ ಕೊನೇ ದಿನಾಂಕ ಎಲ್ಲಿರುತ್ತೆ ಸಾರ್?”

“ಏನಾದ್ರೂ ಬರೀರಿ, ಕಾಲಮ್ ಖಾಲಿ ಇರಬಾರದು. ಇದು ತಿನ್ನೋ ಪದಾರ್ಥ ಅಲ್ಲ ತಾನೆ?”

“ನೈಲಾನ್ ಸಾರ್. ನೀವೇ ಒಂದು ಸಲ ಕಚ್ಚಿ ನೋಡಿ ಬೇಕಾದ್ರೆ.”

ಅವರು ನಕ್ಕರು. ಒಳ್ಳೆಯ ಮನುಷ್ಯ. ಆಚೀಚೆ ನೋಡಿ ಕಿಟಕಿಗೆ ಬಾಯಿ ತಂದು, “ನಿಮಗೊಬ್ಬರಿಗೇ ಹೇಳ್ತೀನಿ ಮೇಡಂ. ಈ ನಿಯಮ ಬಿಸ್ಕತ್ತಿಗೆ ಮಾಡಿದ್ದು. ಇಷ್ಟುದ್ದ ಕವರು, ಒಳಗೆ ನಾಲ್ಕೇ ಬಿಸ್ಕತ್ತು ಹಾಕಿ ಮಾರ್ತಾರಲ್ಲ, ಅವರನ್ನ ಹಿಡಿಯೋಕೆ. ಗೇರ್ ಯಾರಿಗೆ ನೆನಪಿತ್ತು?” ಎಂದರು.

“ಈಗ ನೆನಪಾಯ್ತಲ್ಲ, ತಿದ್ದಿ.”

“ಅದಕ್ಕೆ ಸಾಹೇಬರ ಸಹಿ ಬೇಕು.”

“ಸಾಹೇಬರೆಲ್ಲಿ?”

“ಪ್ಲಾಸ್ಟಿಕ್ ಕಡಿತದ ಸಮ್ಮೇಳನಕ್ಕೆ ಹೋಗಿದಾರೆ. ಬರೋದು ಮುಂದಿನ ತಿಂಗಳು.”

ಹೀಗೆ ನನಗೆ ತಿಳಿಯಿತು: ಬಿಸ್ಕತ್ತಿಗೆ ಹಾಕಿದ ಬಲೆಯಲ್ಲಿ ನನ್ನ ಅಕ್ಕ ಸಿಕ್ಕಿಬಿದ್ದಿದ್ದಾಳೆ. ನಿಮಗೆ ಅವಳ ಮೇಲೆ ದ್ವೇಷವಿಲ್ಲ, ನಮ್ಮ ಕೌಂಟರಿನ ಮೇಲೆ ಕೋಪವಿಲ್ಲ, ಕಾರ್ಖಾನೆಯ ಮೇಲೆ ಪ್ರೀತಿಯಿಲ್ಲ. ನಿಮಗೆ ನೆನಪಾಗಲಿಲ್ಲ, ಅಷ್ಟೇ. ಸಿಟ್ಟಾದರೂ ಮಾಡಿಕೊಳ್ಳೋಣವೆಂದರೆ ಅದಕ್ಕೂ ಎದುರಿಗೆ ಒಬ್ಬ ಶತ್ರು ಬೇಕು. ಮರೆವಿನ ಮೇಲೆ ಎಷ್ಟು ದಿನ ಸಿಟ್ಟು ಮಾಡುವುದು? ದಣಿವಾಗುತ್ತದೆ.

ನಾಶಪಡಿಸುವ ವಿಧಾನದ ಹಾಳೆಯೂ ಬಂದಿದೆ. ಗೇರ್‌ಗಳನ್ನು ನೂರರಂತೆ ಎಣಿಸಿ, ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಮೊಹರು ಮಾಡಿ, ಫೋಟೋ ತೆಗೆದು, ಪುಡಿ ಮಾಡುವ ಘಟಕಕ್ಕೆ ಕಳಿಸಬೇಕಂತೆ. ಚೀಲದ ತೂಕಕ್ಕೆ ಮಿತಿ ಏನೆಂದು ನೋಡಿದೆ. ಮಿತಿಯಿಲ್ಲ. ಬದುಕಲು ಹೋಗುವ ಗೇರ್‌ಗೆ ಎರಡು ಗ್ರಾಂ ಹೆಚ್ಚು, ಸಾಯಲು ಹೋಗುವುದಕ್ಕೆ 'ಎಷ್ಟು ಬೇಕಾದರೂ ಹೊದಿಸಿ'. ಎಣಿಸಿ ಸಹಿ ಮಾಡಬೇಕಾದವಳು ನಾನು.

ಕಳೆದ ಶನಿವಾರ ಎಣಿಸಲು ಕೂತೆ. ನೂರು, ಇನ್ನೂರು, ಮುನ್ನೂರು, ನಾನೂರು. ಉಳಿದ ಹನ್ನೆರಡರಲ್ಲಿ ಒಂದನ್ನು ಎತ್ತಿ ಪರ್ಸಿಗೆ ಹಾಕಿಕೊಂಡೆ. ಕವರಿಲ್ಲ, ಚೀಟಿಯಿಲ್ಲ, ಬೋಲ್ಟಿಲ್ಲ. ನಿಮ್ಮ ಸುತ್ತೋಲೆ ಬಂದ ಮೇಲೆ ನಮ್ಮ ಕಾರ್ಖಾನೆಯಿಂದ ಒಂದಿಷ್ಟೂ ಪ್ಲಾಸ್ಟಿಕ್ ಹೊದಿಕೆಯಿಲ್ಲದೆ ಹೊರಬಿದ್ದ ಮೊದಲ ಸರಕು ಅದು. ಅದಕ್ಕೆ ಕಳ್ಳತನ ಎನ್ನುತ್ತಾರೆ. ಸಂಜೆ ಅಕ್ಕನ ಮುಂದಿಟ್ಟೆ.

“ಬಿಲ್ ಎಲ್ಲಿ?”

“ಬಿಲ್ ಇಲ್ಲ.”

ಅವಳು ಗೇರ್ ಅನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಯಂತ್ರದ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಗೇರ್ ಅನ್ನು ನನ್ನ ಕೈಯಲ್ಲೇ ಇಟ್ಟಳು.

“ವಾಪಸ್ ಇಡು.”

“ಯಾರಿಗೂ ಗೊತ್ತಾಗಲ್ಲ ಅಕ್ಕಾ. ಹೇಗೂ ಪುಡಿ ಮಾಡ್ತಾರೆ.”

“ಎಣಿಸಿದಾಗ ಒಂದು ಕಮ್ಮಿ ಬರಲ್ವಾ? ಸಹಿ ಹಾಕೋಳು ನೀನು. ನನ್ನ ಮಿಷನ್ನಿಗೇನೋ ನಿನ್ನ ಡ್ರಾಯರಿತ್ತು. ನಿನ್ನ ಕೆಲಸ ಹೋದ್ರೆ ಅದಕ್ಕೆ ಬಿಡಿಭಾಗ ಯಾವ ಡ್ರಾಯರಲ್ಲಿ ಸಿಗುತ್ತೇ? ನಿನ್ನ ಕೆಲಸಕ್ಕೆ ಏನೂ ತೊಂದರೆ ಇಲ್ಲ ಅನ್ನೋ ದಿನ ತಗೊಂಡು ಬಾ, ಹಾಕೋತೀನಿ. ಇಲ್ಲ ಅಂದ್ರೆ ನಿನಗೆ ಕೆಲಸವೇ ಇಲ್ಲ ಅನ್ನೋ ದಿನ ತಾ.”

ಕೊನೆಯ ಮಾತನ್ನು ಅವಳು ತಮಾಷೆಗೆ ಹೇಳಿದಳು. ಹೇಳಿ ದಬ್ಬಳಕ್ಕೆ ದಾರ ಪೋಣಿಸಿಕೊಂಡಳು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ನಿಮ್ಮ ಸುತ್ತೋಲೆಗೆ ಎಂಟು ಪದಗಳ ಒಂದು ಸಾಲು ಸೇರಿಸಿ: ‘ಬಳಕೆಯಲ್ಲಿರುವ ಯಂತ್ರದ ದುರಸ್ತಿಗೆ ಮಾರುವ ಬಿಡಿಭಾಗಗಳಿಗೆ ಈ ಅನುಪಾತ ಅನ್ವಯಿಸುವುದಿಲ್ಲ.’ ಭಾಷೆ ನಿಮ್ಮದರ ಹಾಗೆಯೇ ಇದೆ, ಸಹಿಯೊಂದೇ ಬಾಕಿ. ಹಸಿರೆಲೆಯ ಮುದ್ರೆ ಒತ್ತುವ ಮೊದಲು ಪೆಟ್ಟಿಗೆಯ ತೂಕದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಇದನ್ನು ಒಡೆಯದೆ ಬಿಚ್ಚಬಹುದೇ? ಇದರ ಗೇರ್ ಹತ್ತು ವರ್ಷದ ಮೇಲೂ ಸಿಗುತ್ತದೆಯೇ? ಇಪ್ಪತ್ತೆಂಟನೆಯ ತಾರೀಕಿನ ಪುಡಿ ಮಾಡುವ ಆದೇಶವನ್ನು ಅದಕ್ಕೆ ಮೊದಲು ಹಿಂತೆಗೆದುಕೊಳ್ಳಿ. ಸಮ್ಮೇಳನದಲ್ಲಿ ಊಟದ ಬಿಡುವಿನಲ್ಲಿ ಇಷ್ಟನ್ನು ಮುಗಿಸಬಹುದು. ನಾನಂತೂ ಆ ನಾಶದ ಹಾಳೆಗೆ ಸಹಿ ಹಾಕುವುದಿಲ್ಲ.

ಗೇರ್ ಅನ್ನು ನಾನು ಡ್ರಾಯರಿಗೆ ಹಿಂದಿರುಗಿಸಿಲ್ಲ. ಅಕ್ಕ ಬೇಡವೆಂದದ್ದು ನನ್ನ ಕೆಲಸ ಹೋದೀತೆಂಬ ಒಂದೇ ಭಯಕ್ಕೆ. ಈ ಪತ್ರದ ಒಂದು ಪ್ರತಿಯನ್ನು ದಿನಪತ್ರಿಕೆಗೂ ಕಳಿಸಿದ್ದೇನೆ. ಅದು ಅಚ್ಚಾದ ಬೆಳಗ್ಗೆ ನಮ್ಮ ಮ್ಯಾನೇಜರೂ ಪತ್ರಿಕೆ ಓದುತ್ತಾರೆ. ಹತ್ತು ಗಂಟೆಗೆ ನನ್ನನ್ನು ಕರೆಸುತ್ತಾರೆ. ಹತ್ತೂವರೆಯ ಹೊತ್ತಿಗೆ ಅಕ್ಕನ ಭಯಕ್ಕೆ ಕಾರಣ ಉಳಿದಿರುವುದಿಲ್ಲ. ಹನ್ನೊಂದಕ್ಕೆ ನಾನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತೇನೆ. ಅವಳು ಬಯ್ಯುತ್ತಾಳೆ. ಬಯ್ಯಲಿ, ಮಾತಿಗೆ ತಪ್ಪುವವಳಲ್ಲ.

ಆ ಒಂದಕ್ಕೆ ನಿಮ್ಮ ಅಪ್ಪಣೆ ಬೇಕಾಗಿಲ್ಲ. ಉಳಿದ ನಾನೂರ ಹನ್ನೊಂದಕ್ಕೆ ಬೇಕು. ಅವುಗಳಿಗಾಗಿ ಕಾಯುತ್ತಿರುವ ಯಂತ್ರಗಳ ಮನೆಗಳಲ್ಲಿ, ಬಿಡಿಭಾಗಗಳ ಕೌಂಟರಿನಲ್ಲಿ ಕೂರುವ ತಂಗಿಯರಿಲ್ಲ.

ಇಂತಿ,
ಬೇಸತ್ತರೂ ಬೇಡುವುದನ್ನು ಬಿಡದ,
ಬಿಡಿಭಾಗಗಳ ಕೌಂಟರಿನ ಗುಮಾಸ್ತೆ
(ಹತ್ತೂವರೆಯವರೆಗೆ)